ಇನ್ನೂರು ಸೀಡು

ತೀರ್ಥೇಶನಿಗೆ ಆ ಬುಧವಾರ ಒದಗಿದ ಕಷ್ಟಕ್ಕೆಲ್ಲ ಮೂಲ, ಅವನ ಮೊಬೈಲಿಗೆ ತಾರಸಿಯ ಮೇಲಿನ ನೀರಿನ ಟ್ಯಾಂಕಿನ ಪಕ್ಕ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ಸಿಗದೇ ಇದ್ದದ್ದು. ಕೋಣೆಯೊಳಗೆ ಫೋನ್ ಹಿಡಿದರೆ ಅತ್ತ ಕಡೆಯವರ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ಹಾಗಾಗಿ ಅವನು ಫೋನನ್ನು ಟ್ಯಾಂಕಿನ ಕಟ್ಟೆಯ ಮೇಲೇ ಇಟ್ಟಿರುತ್ತಿದ್ದ. ಗಂಟೆ ಬಾರಿಸಿದಾಗ ಓಡಿಹೋಗಿ, ಟ್ಯಾಂಕಿನ ಹಿಂದಿನ ಸಂದಿಯಲ್ಲಿ ಗೋಡೆಗೆ ಬೆನ್ನು ಒತ್ತಿ, ಒಂದು ಕಿವಿ ಮುಚ್ಚಿಕೊಂಡು ಮಾತಾಡುತ್ತಿದ್ದ. ನೋಡಿದವರಿಗೆ, ಈ ಮನುಷ್ಯ ಏನೋ ಕದ್ದು ಅಡಗಿದ್ದಾನೆ ಅನ್ನಿಸುವ ಭಂಗಿ ಅದು.

ತೀರ್ಥೇಶ ಸೊರಬ ತಾಲ್ಲೂಕಿನ ಜಡೆಯವನು. ಶಿಕಾರಿಪುರದ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತಿದ್ದ. ಹೆಂಡತಿ ಮೇಘನಾ ಜಡೆಯಲ್ಲೇ ಪ್ರಾಥಮಿಕ ಶಾಲೆಯ ಟೀಚರ್. ಶನಿವಾರ ಬಂತೆಂದರೆ ಇವನು ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದ. ಉಳಿದ ದಿನ ಪಂಚಾಕ್ಷರಪ್ಪನವರ ಮನೆಯ ಮಹಡಿ ಮೇಲಿನ ಒಂಟಿ ಕೋಣೆಯೇ ಗತಿ. ಕಾಲೇಜಿನ ಗುತ್ತಿಗೆ ಆ ತಿಂಗಳಿಗೆ ಮುಗಿಯುವುದಿತ್ತು. ಮುಂದೇನು ಎಂದು ಪ್ರಿನ್ಸಿಪಾಲರನ್ನು ಕೇಳಿದರೆ ಅವರು ಕಿಟಕಿಯಾಚೆ ನೋಡುತ್ತಾ "ನೋಡೋಣ" ಎನ್ನುತ್ತಿದ್ದರು.

ಅವನ ಆಸೆಯೆಲ್ಲ ಶಿವಮೊಗ್ಗದ ಒಂದು ಸಣ್ಣ ಕಂಪನಿಯ ಮೇಲಿತ್ತು. ಕೆಲಸ ಖಾತ್ರಿಯಾಗುವವರೆಗೆ ಮೇಘನಾಗೂ ಹೇಳಬಾರದೆಂದು ಅದನ್ನು ಗುಟ್ಟಾಗಿಟ್ಟಿದ್ದ. ಗಂಗಾಶ್ರೀ ಎಂಬುವರೂ ಅವರ ಗಂಡನೂ ಸೇರಿ ನಡೆಸುತ್ತಿದ್ದ ಆ ಕಂಪನಿ ಮೆಕ್ಕೆಜೋಳದ ತೇವಾಂಶ ಅಳೆಯುವ ಪುಟ್ಟ ಮಷಿನ್ನೊಂದನ್ನು ತಯಾರಿಸಲು ಹೊರಟಿತ್ತು. ಮಷಿನ್ನಿನ ಬಟ್ಟಲಿಗೆ ಒಂದು ಹಿಡಿ ಜೋಳ ಹಾಕಿದರೆ ಒಳಗಿನ ಸರ್ಕ್ಯೂಟು ನಾಡಿಯ ಹಾಗೆ ಬಡಿಯುತ್ತದೆ. ಜೋಳ ಹಸಿಯಿದ್ದಷ್ಟೂ ಬಡಿತ ನಿಧಾನ. ಬಡಿತ ಎಣಿಸಿದರೆ ತೇವ ಎಷ್ಟೆಂದು ತಿಳಿಯುತ್ತದೆ. ಆದರೆ ಎಂಥ ಸರ್ಕ್ಯೂಟಿನೊಳಗೂ ಒಂದಿಷ್ಟು ಗದ್ದಲ ಇದ್ದೇ ಇರುತ್ತದೆ. ಅದಕ್ಕೆ ನಾಯ್ಸ್ ಎನ್ನುತ್ತಾರೆ. ಅದರ ಕಾಟದಿಂದ ಬಡಿತ ಒಮ್ಮೆ ಕೂದಲೆಳೆಯಷ್ಟು ಮುಂಚೆ ಬೀಳುತ್ತದೆ, ಒಮ್ಮೆ ಕೂದಲೆಳೆಯಷ್ಟು ತಡವಾಗಿ ಬೀಳುತ್ತದೆ. ಆ ತಡವರಿಕೆಗೆ ಜಿಟ್ಟರ್ ಎಂದು ಹೆಸರು. ಮಷಿನ್ ತಯಾರಾಗುವ ಮೊದಲೇ ಸರ್ಕ್ಯೂಟನ್ನು ಕಂಪ್ಯೂಟರಿನೊಳಗೆ ಕಟ್ಟಿ, ಬೇಕೆಂದೇ ಅದಕ್ಕೆ ನಾಯ್ಸ್ ಬೆರೆಸಿ, ಬಡಿತ ಎಷ್ಟು ತಡವರಿಸುತ್ತದೆ ಎಂದು ನೋಡುವುದು ತೀರ್ಥೇಶ ಅವರಿಗೆ ತಾತ್ಕಾಲಿಕವಾಗಿ ಮಾಡಿಕೊಡುತ್ತಿದ್ದ ಕೆಲಸ. ಒಂದೇ ಥರದ ಗದ್ದಲದಲ್ಲಿ ನೋಡಿದರೆ ಸಾಲದು. ಪ್ರತಿ ಸಲ ಹೊಸ ಗದ್ದಲ ಹುಟ್ಟಬೇಕಾದರೆ ಕಂಪ್ಯೂಟರಿಗೆ ಪ್ರತಿ ಸಲವೂ ಹೊಸದೊಂದು ಅಂಕಿ ಕೊಡಬೇಕು. ಆ ಅಂಕಿಗೆ ಈ ಕಸುಬಿನವರು ಇಟ್ಟ ಹೆಸರು ಸೀಡ್. ಬಡಿತ ಮಿತಿ ಮೀರಿ ತಡವರಿಸಿದರೆ ಆ ಸೀಡ್ ಫೇಲು.

ಹೆಸರಿಟ್ಟ ಪುಣ್ಯಾತ್ಮ ಶಿಕಾರಿಪುರ ಕಂಡವನಲ್ಲ. ಕಂಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದ. ಇಲ್ಲಿ ಸೀಡ್ ಎಂದರೆ ಮೆಕ್ಕೆಜೋಳದ ಬಿತ್ತನೆ ಬೀಜ, ಅದು ಚೀಲದಲ್ಲಿ ಬರುತ್ತದೆ, ಮತ್ತು ಅದು ಕಳಪೆಯಾಗಿದ್ದರೆ ಮಾರಿದವನ ಅಂಗಡಿಯ ಬಾಗಿಲು ಮುರಿಯುತ್ತದೆ.

ಬೆಳಿಗ್ಗೆ ಗಂಗಾಶ್ರೀಯವರ ಫೋನ್ ಬಂದಾಗ ತೀರ್ಥೇಶ ಟ್ಯಾಂಕಿನ ಹಿಂದೆ ನಿಂತು ಕೂಗುತ್ತಿದ್ದ. ಟ್ಯಾಂಕಿನ ಈಚೆ ಪಂಚಾಕ್ಷರಪ್ಪನವರ ಹೆಂಡತಿ ಬಸವಣ್ಣೆಮ್ಮ, ಮಳೆ ಬಿಡುವು ಕೊಟ್ಟಿತೆಂದು ಸೀರೆ ಹರವುತ್ತಿದ್ದರು. ಅವರಿಗೆ ಕೇಳಿಸಿದ್ದು ಒಂದೇ ಕಡೆಯ ಮಾತು.

"ಮೇಡಮ್, ಇನ್ನೂರು ಸೀಡ್ ಹಾಕಿದ್ದೆ. ಹದಿನೇಳು ಪೂರ್ತಿ ಫೇಲು!... ಹೌದು, ಜಿಟ್ಟರ್‌ದೇ ತೊಂದ್ರೆ... ನಾಯ್ಸ್ ಬೆರೆಸಿದೀನಲ್ಲ, ಕಮ್ಮಿ ಬೆರೆಸಿದ್ರೆ ಯಾರಿಗೂ ಗೊತ್ತಾಗಲ್ಲ... ಅದೇ ಮತ್ತೆ, ರೈತ್ರ ಕೈಗೆ ಹೋದ್ಮೇಲೆ ಫೇಲಾದ್ರೆ ನಮ್ಮನ್ನ ಸುಮ್ನೆ ಬಿಡ್ತಾರಾ?... ಆಯ್ತು, ಒಂಚೂರು ಒಳಗೆ ಬದಲಾಯಿಸಿ ಆ ಹದಿನೇಳನ್ನೇ ಮತ್ತೆ ಹಾಕ್ತೀನಿ. ಸಂಜೆಯೊಳಗೆ ಮುಗಿಸ್ತೀನಿ."

ಹದಿನೇಳೂ ಪಾಸಾದರೆ ಕೆಲಸದ ವಿಷಯ ಇವತ್ತೇ ತೀರ್ಮಾನ ಮಾಡುತ್ತೇವೆ ಎಂದು ಗಂಗಾಶ್ರೀ ಹೇಳಿದ್ದು ತೀರ್ಥೇಶನಿಗೊಬ್ಬನಿಗೇ ಕೇಳಿಸಿತು. ಆ ದಿನ ಕಾಲೇಜಿಗೆ ರಜೆ ಹಾಕಿದ್ದ ಅವನು ಸಿಳ್ಳೆ ಹಾಕುತ್ತಾ ಕೋಣೆಗೆ ಹೋದ. ಬಸವಣ್ಣೆಮ್ಮ ಅರ್ಧ ಬಟ್ಟೆ ಬಕೆಟಿನಲ್ಲೇ ಬಿಟ್ಟು ಕೆಳಗಿಳಿದರು.

ಕೆಳಗೆ ಜಗಲಿಯಲ್ಲಿ ಪಂಚಾಕ್ಷರಪ್ಪ ಪೇಪರ್ ಓದುತ್ತಿದ್ದರು. ಅವರು ಮೆಕ್ಕೆಜೋಳದ ವ್ಯಾಪಾರಸ್ತರು. ಎದುರು ಮನೆಯ ಕೊಟ್ರೇಶನೂ ಅಲ್ಲೇ ಕೂತಿದ್ದ. ಅಂಜನಾಪುರದ ಹಾದಿಯಲ್ಲಿ ಅವನ ಹೊಲ. ಆ ಸಲ ಬಿತ್ತಿದ ಮೆಕ್ಕೆಜೋಳ ಅರ್ಧಕ್ಕರ್ಧ ಮೊಳೆತೇ ಇರಲಿಲ್ಲ. ಬೀಜದ ಅಂಗಡಿಯವನು ತಪ್ಪು ಹೊಲದ್ದು ಎಂದಿದ್ದ. ಅವತ್ತಿನಿಂದ ಕೊಟ್ರೇಶ ಊರಲ್ಲಿ ಎದುರು ಬಂದ ಪ್ರತಿಯೊಬ್ಬನನ್ನೂ, ಇವನೇ ಇರಬಹುದೇ ಎಂಬಂತೆ ನೋಡುತ್ತಿದ್ದ.

"ನಮ್ಮ ಮೇಷ್ಟ್ರು ಸೀಡ್ ದಂಧೆ ಮಾಡ್ತಾರೆ ಕಣೋ ಕೊಟ್ರೇಶಿ!" ಎಂದರು ಬಸವಣ್ಣೆಮ್ಮ, ಏದುಸಿರು ಬಿಡುತ್ತಾ. "ಇನ್ನೂರು ಚೀಲ! ಅದ್ರಾಗೆ ನುಸಿ ಬೆರಸ್ತಾರಂತೆ!"

"ನುಸೀನಾ?"

"ನನ್ನ ಕಿವಿಯಾರೆ ಕೇಳೀನಿ. ಕಮ್ಮಿ ಬೆರಸಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ ಯಾವಳಿಗೋ ಹೇಳ್ತಿದ್ರು."

ಪಂಚಾಕ್ಷರಪ್ಪ ಪೇಪರ್ ಮಡಚಿದರು. "ಯಾವ ಕಂಪ್ನಿದಂತೆ?"

"ಜಿಟ್ಟರ್ ಅಂತೇನೋ ಅಂದ್ರಪ್ಪ."

"ಜಿಟ್ಟರ್?" ಪಂಚಾಕ್ಷರಪ್ಪ ತಲೆಯಾಡಿಸಿದರು. "ಈ ಕಡೆ ಕೇಳಿಲ್ಲ. ಹೊರಗಿನ ಮಾಲು."

ಕೊಟ್ರೇಶ ಪಂಚೆ ಎತ್ತಿ ಕಟ್ಟಿ, ಮಹಡಿಯ ಮೆಟ್ಟಿಲು ಕಾಣುವ ಹಾಗೆ ತನ್ನ ಮನೆಯ ಕಟ್ಟೆಯ ಮೇಲೆ ಹೋಗಿ ಕೂತ. ಬೆಕ್ಕು ಇಲಿಯ ಬಿಲದ ಮುಂದೆ ಕೂತ ಹಾಗೆ.

ಹೊಟ್ಟೆ ಹಸಿದು ತೀರ್ಥೇಶ ಬೀದಿ ಮೂಲೆಯ ಹೋಟೆಲಿಗೆ ಹೋದಾಗ ಕೊಟ್ರೇಶನೂ ಹಿಂದೆಯೇ ಬಂದ. ಎದುರು ಕುರ್ಚಿಯಲ್ಲಿ ಕೂತು, ಚಹಾ ಹೇಳಿ, ಏನೂ ಗೊತ್ತಿಲ್ಲದವನಂತೆ ಕೇಳಿದ:

"ಮತ್ತೆ ಮೇಷ್ಟ್ರೇ, ಈ ಸಲ ಸೀಡು ಹೆಂಗೆ?"

ತೀರ್ಥೇಶನ ಮುಖ ಅರಳಿತು. ಶಿಕಾರಿಪುರಕ್ಕೆ ಬಂದ ಮೇಲೆ ಅವನ ಕೆಲಸದ ಬಗ್ಗೆ ಕೇಳಿದ ಮೊದಲ ಮನುಷ್ಯ ಇವನು. ಕಾಲೇಜಿನ ಸಹೋದ್ಯೋಗಿಗಳೂ ಯಾವತ್ತೂ ಕೇಳಿರಲಿಲ್ಲ.

"ಅರೆ, ನಿಮಗೂ ಗೊತ್ತಾ ಇದೆಲ್ಲ? ಪರವಾಗಿಲ್ಲ ಮಾರಾಯ್ರೆ. ಇನ್ನೂರರಲ್ಲಿ ಹದಿನೇಳು ಮಾತ್ರ ಕೈ ಕೊಟ್ಟವು."

"ಕೈ ಕೊಟ್ಟವು ಅಂತ ಗೊತ್ತೈತಾ ನಿಮಗೆ?"

"ಗೊತ್ತಿಲ್ದೇ ಏನು? ಯಾವ್ಯಾವು ಅಂತ ಒಂದೊಂದೂ ಗೊತ್ತು. ಈಗ ಅವನ್ನೇ ಮತ್ತೆ ಹಾಕ್ತಾ ಇದೀನಿ."

ಕೊಟ್ರೇಶನ ಲೋಟ ತುಟಿಯ ಹತ್ತಿರ ನಿಂತಿತು. "ಗೊತ್ತಿದ್ದೂ ಅವನ್ನೇ ಹಾಕ್ತೀರಾ?"

"ಅವನ್ನೇ ಹಾಕ್ಬೇಕು. ಹೊಸಾದು ಹಾಕಿದ್ರೆ ತಪ್ಪು ಎಲ್ಲಿ ಅಂತ ಹೆಂಗೆ ಗೊತ್ತಾಗತ್ತೆ?" ಎಂದು ತೀರ್ಥೇಶ ತರಗತಿಯಲ್ಲಿ ಹೇಳುವ ಹಾಗೆ ಬೆರಳೆತ್ತಿ ಹೇಳಿದ. "ಬನ್ನಿ ಒಂದಿನ ರೂಮಿಗೆ. ತೋರಿಸ್ತೀನಿ."

"ಬರ್ತೀನಿ," ಎಂದ ಕೊಟ್ರೇಶ. "ಇವತ್ತೇ ಬರ್ತೀನಿ." ಚಹಾ ಹಾಗೇ ಬಿಟ್ಟು ಎದ್ದುಹೋದ. ಒಳ್ಳೆ ಮನುಷ್ಯ, ಕುತೂಹಲ ಇದೆ ಎಂದುಕೊಂಡು ತೀರ್ಥೇಶ ಅವನ ಚಹಾದ ದುಡ್ಡನ್ನೂ ತಾನೇ ಕೊಟ್ಟ.

ವಾಪಸು ಬರುವಾಗ ಬೀದಿ ಬೇರೆಯಾಗಿ ಕಂಡಿತು. ಮಾತಾಡುತ್ತಿದ್ದವರು ಅವನನ್ನು ಕಂಡು ಸುಮ್ಮನಾದರು. ದಿನಾ "ಊಟ ಆಯ್ತಾ ಸರ್" ಎನ್ನುತ್ತಿದ್ದ ಕಿರಾಣಿ ಅಂಗಡಿಯವನು ಕಾಳಿನ ಡಬ್ಬಗಳ ಮುಚ್ಚಳ ಒಂದೊಂದಾಗಿ ಬಿಗಿ ಮಾಡಿದ. ತೀರ್ಥೇಶ ತನ್ನ ಪ್ಯಾಂಟಿನ ಜಿಪ್ಪು ಒಮ್ಮೆ ನೋಡಿಕೊಂಡ. ಅದು ಸರಿಯಾಗಿಯೇ ಇತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹದಿನೇಳರಲ್ಲಿ ಹದಿನೈದು ಸೀಡುಗಳು ಪಾಸಾಗಿ ಪರದೆಯ ಮೇಲೆ ಹಸಿರಾಗಿದ್ದವು. ಇನ್ನೆರಡು ಓಡುತ್ತಿದ್ದವು. ತೀರ್ಥೇಶ ಕೈಮುಗಿದುಕೊಂಡು ಅವನ್ನೇ ನೋಡುತ್ತಿದ್ದಾಗ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಬಾಗಿಲಲ್ಲಿ ಕಾನ್‌ಸ್ಟೇಬಲ್ ದೊಡ್ಡಬೀರಪ್ಪ ನಿಂತಿದ್ದ. ಅವನ ಹಿಂದೆ ಕೊಟ್ರೇಶ, ಪಂಚಾಕ್ಷರಪ್ಪ, ಬಸವಣ್ಣೆಮ್ಮ, ಅವರ ಹಿಂದೆ ಅರ್ಧ ಬೀದಿ.

"ಏನ್ರೀ ಮೇಷ್ಟ್ರೇ, ಸೀಡ್ ಎಲ್ಲಿಟ್ಟೀರಿ?"

"ಸೀಡಾ? ಲ್ಯಾಪ್‌ಟಾಪಲ್ಲಿ ಸರ್."

ದೊಡ್ಡಬೀರಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಪೊಲೀಸರನ್ನು ಗೇಲಿ ಮಾಡುವವರನ್ನು ಅವನು ತುಂಬಾ ಕಂಡಿದ್ದ. "ಹುಡುಕ್ರಿ," ಎಂದ.

ಕೊಟ್ರೇಶ ಮಂಚದ ಕೆಳಗೆ ತೂರಿದ. ಅಲ್ಲಿಂದಲೇ ಕೂಗಿದ: "ಚೀಲ ಸಿಕ್ತು ಸಾರ್!"

ಚೀಲ ಎಳೆದು ತಂದು ಬಾಯಿ ಬಿಚ್ಚಿದರು. ಕೊಟ್ರೇಶ ನಾಲ್ಕು ಕಾಳು ಬಾಯಿಗೆ ಹಾಕಿ ಅಗಿದ. ಎಲ್ಲರೂ ಅವನ ದವಡೆಯನ್ನೇ ನೋಡಿದರು.

"ಅಕ್ಕಿ," ಎಂದ ಅವನು, ನಿರಾಸೆಯಿಂದ.

"ಜಡೆಯಿಂದ ತಂದಿದ್ದು," ಎಂದ ತೀರ್ಥೇಶ. ಅಷ್ಟರಲ್ಲಿ ಅವನಿಗೆ ವಿಷಯ ಅರ್ಥವಾಗಿ ನಗು ಬಂತು. "ಅಯ್ಯೋ, ನೀವು ಬಿತ್ತೋ ಬೀಜ ಅಂದ್ಕೊಂಡ್ರಾ? ಇದು ಬೇರೆ ಸೀಡು ಮಾರಾಯ್ರೆ. ಜೋಳದ ತೇವಾಂಶ ಅಳೆಯೋ ಮಷಿನ್ ಬರತ್ತಲ್ಲ, ಅದರದ್ದು. ನಾಯ್ಸ್ ಹಾಕಿದ್ರೆ ಮಷಿನ್ ಎಷ್ಟು ತಪ್ಪು ತೋರಿಸತ್ತೆ ಅಂತ ನೋಡೋದು ನನ್ನ ಕೆಲಸ."

ಎಲ್ಲ ತಿಳಿಯಾಯಿತು ಎಂದು ತೀರ್ಥೇಶ ಅಂದುಕೊಂಡ. ಆದರೆ ಕೊಟ್ರೇಶನ ಮುಖ ಹಣ್ಣು ಮೆಣಸಿನಕಾಯಿಯಾಗುತ್ತಿತ್ತು.

"ಅಂದ್ರೆ," ಎಂದ ಅವನು ನಿಧಾನವಾಗಿ, "ಮಂಡಿಯಾಗೆ ನಮ್ಮ ಒಣಗಿದ ಜೋಳನ ಹಸಿ ಅಂತ ತೋರ್ಸೋ ಮಷಿನ್ನಿಗೆ ತಪ್ಪು ತುಂಬೋರು ನೀವೇನಾ?"

"ಅಲ್ಲಲ್ಲ! ತಪ್ಪು ತೆಗೆಯೋಕೆ ತಪ್ಪು ಹಾಕೋದು!"

"ಹಾಕೋದು ಅಂತ ಬಾಯಿಬಿಟ್ರು, ಎಲ್ರೂ ಕೇಳ್ಕೊಳ್ರಿ."

ಅಲ್ಲಿಯವರೆಗೆ ಸುಮ್ಮನಿದ್ದ ಪಂಚಾಕ್ಷರಪ್ಪ ಮುಂದೆ ಬಂದರು. ಅವರ ಧ್ವನಿಯಲ್ಲಿ ಹೊಸ ಅನುಮಾನವಿತ್ತು. "ತಡಿಯೋ ಕೊಟ್ರೇಶಿ. ಮೇಷ್ಟ್ರೇ, ತಪ್ಪು ಯಾವ ಕಡೆಗೆ? ಹಸಿ ಜೋಳನ ಒಣಗಿದ್ದು ಅಂತ ತೋರ್ಸಿದ್ರೆ ನಮ್ಮಂಥ ವ್ಯಾಪಾರಸ್ತರ ಗತಿ ಏನ್ರೀ?"

ತೀರ್ಥೇಶ ಪ್ರಾಮಾಣಿಕ ಮನುಷ್ಯ. ಜಿಟ್ಟರಿನ ಸ್ವಭಾವ ಇದ್ದದ್ದೇ ಹಾಗೆ. "ಎರಡೂ ಕಡೆ ಆಗತ್ತೆ," ಎಂದ.

ವರ್ಷಗಟ್ಟಲೆ ಜೋಳದ ತೇವಾಂಶದ ಬಗ್ಗೆ ಜಗಳಾಡಿದ್ದ ರೈತನೂ ವ್ಯಾಪಾರಿಯೂ ಆ ಗಳಿಗೆಯಲ್ಲಿ ಒಂದಾದರು. "ಹಿಂಗ್ಯಾರು ಮಾಡಕ್ಕೆ ಹೇಳಿದ್ರು ನಿಮಗೆ?" ಎಂದು ಪಂಚಾಕ್ಷರಪ್ಪ ಬಲಗಡೆಯಿಂದ, "ಆ ಹೆಂಗಸು ಯಾರು?" ಎಂದು ಕೊಟ್ರೇಶ ಎಡಗಡೆಯಿಂದ. ಬಸವಣ್ಣೆಮ್ಮ ನಡುವೆ ನುಗ್ಗಿ, "ನುಸಿ ಎಲ್ಲೈತೆ ಅಂತ ಮೊದ್ಲು ಕೇಳ್ರಿ," ಎಂದರು.

"ಯಾರಿಗೂ ಮೋಸ ಇಲ್ರೀ!" ಎಂದು ತೀರ್ಥೇಶ ಕೂಗಿ, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. "ನೋಡಿ, ಸೀಡ್ ಅಂದ್ರೆ ಇಷ್ಟೇ. ಬರೀ ನಂಬರ್ರು! ಒಂದು ನಂಬರ್ ಹಾಕೋದು, ರಿಸಲ್ಟ್ ಏನು ಬರತ್ತೆ ಅಂತ ಕಾಯೋದು. ಅಷ್ಟೇ!"

ಬಾಗಿಲಿಗೆ ಒರಗಿ ಆಕಳಿಸುತ್ತಿದ್ದ ದೊಡ್ಡಬೀರಪ್ಪ ನೆಟ್ಟಗೆ ನಿಂತ. ಬೀಜ, ತೇವಾಂಶ ಅವನಿಗೆ ಬೇಕಿರಲಿಲ್ಲ. ಇದು ಅವನಿಗೆ ಗೊತ್ತಿದ್ದ ಭಾಷೆ.

"ಯಾವ ನಂಬರ್ ಹಾಕ್ತೀರಿ?"

"ಯಾವುದಾದ್ರೂ ಸರಿ ಸರ್. ಮನಸಿಗೆ ಬಂದಿದ್ದು."

"ಹೊಡೆದ್ರೆ?"

"ಹೊಡೆದ್ರೆ ಅಂದ್ರೆ... ಪಾಸಾದ್ರೆ ಹಸಿರು. ಇಲ್ಲಾಂದ್ರೆ ಕೆಂಪು."

"ರಿಸಲ್ಟ್ ಯಾವಾಗ?"

"ಸಂಜೆ."

"ಫೋನಲ್ಲಿ ಹೇಳ್ತೀರಾ? ಟ್ಯಾಂಕಿನ ಹಿಂದೆ ನಿಂತ್ಕೊಂಡು?"

"ಹೌದು ಸರ್, ಶಿವಮೊಗ್ಗಕ್ಕೆ."

"ಓಸಿ!" ಎಂದ ದೊಡ್ಡಬೀರಪ್ಪ. ಬೀದಿಯವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಅಂಕಿಗೆ ದುಡ್ಡು ಕಟ್ಟುವ ಆ ಜೂಜಿನ ಹೆಸರು ಅಲ್ಲಿದ್ದವರಲ್ಲಿ ಯಾರಿಗೂ ಅಪರಿಚಿತವಾಗಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಇಬ್ಬರು ಪರದೆಯ ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಲು ತುದಿಗಾಲಲ್ಲಿ ನಿಂತರು. "ಮುಚ್ರಿ ಅದನ್ನ. ಸ್ಟೇಷನ್ನಿಗೆ ನಡೀರಿ."

"ಮುಚ್ಚಬೇಡಿ ಸರ್! ಇನ್ನೂ ಎರಡು ಓಡ್ತಾ ಇದಾವೆ!"

"ಯಾರು ಓಡ್ತಿದಾರೆ?" ದೊಡ್ಡಬೀರಪ್ಪ ಗಕ್ಕನೆ ಕಿಟಕಿಯಾಚೆ ನೋಡಿದ.

ತೀರ್ಥೇಶನಿಗೆ ಅಳು ಬಂತು. ಬೆಳಗಿನಿಂದ ಅವನು ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಹೇಳಿದ ಪ್ರತಿ ನಿಜವೂ ಹೊಸದೊಂದು ಕೇಸಾಗಿ ತಿರುಗಿ ಬರುತ್ತಿತ್ತು. ಮುಚ್ಚಳ ಮುಚ್ಚಿದರೆ ಇಡೀ ದಿನದ ಓಟ ಹಾಳು, ಓಟ ಹಾಳಾದರೆ ಕೆಲಸ ಹೋದಂತೆ. ದೊಡ್ಡಬೀರಪ್ಪನ ಕೈ ಲ್ಯಾಪ್‌ಟಾಪಿನ ಮೇಲೆ ಬಂದೇಬಿಟ್ಟಿತು. ಈ ಜನ ನಂಬುವಂಥದ್ದು ಏನಾದರೂ ಬೇಕು, ತಕ್ಷಣ ಬೇಕು.

"ನಿಜ ಹೇಳಿಬಿಡ್ತೀನಿ ಸರ್!" ಎಂದ ಅವನು, ಕಣ್ಣು ಮುಚ್ಚಿಕೊಂಡು. "ಬೀಜಾನೂ ಇಲ್ಲ, ಮಷಿನ್ನೂ ಇಲ್ಲ, ಓಸಿನೂ ಇಲ್ಲ. ನಾನು ಗಂಗಾಶ್ರೀ ಅಂತ ಒಬ್ರನ್ನ ಪ್ರೀತಿ ಮಾಡ್ತಿದೀನಿ. ಯಾರಿಗೂ ಗೊತ್ತಾಗ್ಬಾರ್ದು ಅಂತ ಸೀಡು, ನಾಯ್ಸು, ಜಿಟ್ಟರ್ ಅಂತ ಸುಳ್ಳು ಹೆಸರಿಟ್ಕೊಂಡು ಮಾತಾಡ್ತೀವಿ."

ಕಣ್ಣು ತೆರೆದಾಗ ಎದುರಿಗಿದ್ದ ಮುಖಗಳೆಲ್ಲ ಬದಲಾಗಿದ್ದವು. ದಿನವಿಡೀ ಬಿಗಿದಿದ್ದ ಕೊಟ್ರೇಶನ ಹುಬ್ಬು ಸಡಿಲವಾಗಿತ್ತು. ದೊಡ್ಡಬೀರಪ್ಪ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಿದ್ದ.

"ಅಷ್ಟೇನಾ? ಮೊದ್ಲೇ ಹೇಳ್ಬಾರ್ದೇನ್ರೀ! ಬೈಕಿನ ಪೆಟ್ರೋಲ್ ದಂಡ."

"ಅದಕ್ಕೇ ಟ್ಯಾಂಕಿನ ಹಿಂದೆ!" ಎಂದರು ಪಂಚಾಕ್ಷರಪ್ಪ.

"ಅದಕ್ಕೇ ಹೋಟೆಲಾಗೆ ಹಂಗೆ ಹಲ್ಲು ಕಿರೀತಿದ್ದಿದ್ದು," ಎಂದ ಕೊಟ್ರೇಶ. "ನಂದು ತಪ್ಪಾಯ್ತು ಮೇಷ್ಟ್ರೇ. ಮನಸಿಗೆ ಹಚ್ಕೋಬೇಡ್ರಿ."

ಲ್ಯಾಪ್‌ಟಾಪು ಸಣ್ಣಗೆ ಗುಂಯ್ ಅಂದಿತು. ಕೊನೆಯ ಎರಡೂ ಹಸಿರು. ತೀರ್ಥೇಶ ಜನರ ನಡುವೆಯೇ ಕೂತು, ಫಲಿತಾಂಶವನ್ನು ಗಂಗಾಶ್ರೀಯವರಿಗೆ ಕಳಿಸಿದ. ಕೆಳಮನೆಯವರ ವೈಫೈ ಆ ಗಳಿಗೆಯಲ್ಲಿ ಕೈಬಿಡಲಿಲ್ಲ. ಒಂದು ಸುಳ್ಳಿನಿಂದ ಇಷ್ಟೊಂದು ಒಳ್ಳೆಯದಾಗುತ್ತದೆ ಎಂದು ಗೊತ್ತಿದ್ದರೆ ಬೆಳಿಗ್ಗೆಯೇ ಹೇಳಿಬಿಡುತ್ತಿದ್ದೆನಲ್ಲ ಎಂದು ಅವನಿಗೆ ಅನ್ನಿಸಿತು.

ನಗದೇ ಇದ್ದವರು ಬಸವಣ್ಣೆಮ್ಮ ಒಬ್ಬರೇ. ಅವರು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು.

"ಶಿವನೇ," ಎಂದರು. "ಮೇಷ್ಟ್ರನ್ನ ಪೊಲೀಸ್ರು ಹಿಡ್ಕೊಂಡೋಗ್ತಾರೆ, ಬೇಗ ಬಾರವ್ವಾ ಅಂತ ನಾನು ಮಧ್ಯಾಹ್ನನೇ ಮೇಘನಾಗೆ ಫೋನ್ ಮಾಡಿಬಿಟ್ಟೀನಲ್ಲಪ್ಪ!"

ಜನ ಎರಡು ಪಾಲಾಗಿ ದಾರಿ ಬಿಟ್ಟರು. ಬಾಗಿಲಾಚೆ, ಟ್ಯಾಂಕಿನ ಪಕ್ಕದಲ್ಲಿ, ಜಡೆಯಿಂದ ಸೊರಬಕ್ಕೆ ಒಂದು ಬಸ್ಸು, ಸೊರಬದಿಂದ ಶಿಕಾರಿಪುರಕ್ಕೆ ಇನ್ನೊಂದು ಬಸ್ಸು ಹಿಡಿದು, ದಾರಿಯುದ್ದಕ್ಕೂ ದೇವರಿಗೆ ಹರಕೆ ಹೊತ್ತು ಬಂದ ಮೇಘನಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೆಂದು ತಿಳಿಯಲು ಅವಳ ಮುಖ ನೋಡಿದರೆ ಸಾಕಿತ್ತು.

"ಮೇಘನಾ, ಅದು ಸುಳ್ಳು!" ಎಂದು ತೀರ್ಥೇಶ ಎದ್ದು ಓಡಿದ. "ನಿಜವಾಗ್ಲೂ ಸೀಡ್ ಅಂದ್ರೆ ನಂಬರು. ಸರ್ಕ್ಯೂಟಿಗೆ ನಾಯ್ಸ್ ಹಾಕಿ..."

"ಸುಳ್ಳಾ?" ಎಂದಳು ಮೇಘನಾ. ಅವಳು ಗಂಡನನ್ನು ಬಿಟ್ಟು ಅವನ ಹಿಂದಿದ್ದವರನ್ನು ನೋಡಿದಳು. "ಇವ್ರು ಈಗ ಎಂತ ಹೇಳಿದ್ರು? ನೀವೆಲ್ಲ ಕೇಳಿದ್ರಲ್ಲ?"

ಬೆಳಗಿನಿಂದ ಆ ಬೀದಿಯ ಒಬ್ಬೊಬ್ಬರದು ಒಂದೊಂದು ಅನುಮಾನವಾಗಿತ್ತು. ಈಗ ಮೊದಲ ಬಾರಿಗೆ ಎಲ್ಲರೂ ಒಂದೇ ಸಾಕ್ಷಿ ಹೇಳುವವರಂತೆ ತಲೆ ತಗ್ಗಿಸಿದರು.

ಅಷ್ಟರಲ್ಲಿ ಟ್ಯಾಂಕಿನ ಕಟ್ಟೆಯ ಮೇಲೆ ಫೋನ್ ಹೊಡೆದುಕೊಂಡಿತು. ಮೇಘನಾ ಪಕ್ಕದಲ್ಲೇ ಇದ್ದಳು. ಹೆಸರು ಓದಿದಳು. ತೀರ್ಥೇಶನ ಕೈ ತಲುಪುವ ಮೊದಲೇ ಸ್ಪೀಕರ್ ಒತ್ತಿದಳು. ಸಿಗ್ನಲ್ ಅಲ್ಲಿ ಬಹಳ ಚೆನ್ನಾಗಿತ್ತು.

"ತೀರ್ಥೇಶ್!" ಗಂಗಾಶ್ರೀಯವರ ಧ್ವನಿ ತಾರಸಿಯ ತುಂಬಾ ಕೇಳಿಸಿತು. "ಈಗಷ್ಟೇ ನೋಡ್ದೆ, ಎಷ್ಟು ಖುಷಿ ಆಯ್ತು ಗೊತ್ತಾ! ನಮ್ಮನೆಯವ್ರನ್ನೂ ಒಪ್ಪಿಸಿಬಿಟ್ಟೆ. ನಿಮ್ಮನ್ನ ಖಾಯಂ ಮಾಡ್ಕೊಳ್ಳೋಣ ಅಂದ್ರು. ಇನ್ಮೇಲೆ ಹಿಂಗೆ ದೂರದಿಂದ ಫೋನು ಗೀನು ಬೇಡ. ಸೋಮವಾರ ಬಟ್ಟೆಬರೆ ತಗೊಂಡು ಬಂದೇಬಿಡಿ!"

ತಿಂಗಳುಗಳಿಂದ ತೀರ್ಥೇಶ ಕಾದಿದ್ದ ಮಾತು ಅದು. ಅವನು ಫೋನಿಗೆ ಕೈ ಚಾಚಿದ.

ಮೇಘನಾ ಫೋನನ್ನು ಬಾಯಿಯ ಹತ್ತಿರ ಹಿಡಿದಳು. ಶಾಲೆಯಲ್ಲಿ ಮಕ್ಕಳಿಗೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದಳು:

"ಇವ್ರನ್ನ ನಾನು ಖಾಯಂ ಮಾಡ್ಕೊಂಡು ಆರು ವರ್ಷ ಆಯ್ತು ಮೇಡಮ್. ಬರೋದಿಲ್ಲ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಫೋನ್ ಆಫ್ ಮಾಡಿ ತನ್ನ ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಜನ ಕೆಮ್ಮುತ್ತಾ, ಗಂಟಲು ಸರಿಮಾಡಿಕೊಳ್ಳುತ್ತಾ, ಒಬ್ಬೊಬ್ಬರಾಗಿ ಮೆಟ್ಟಿಲಿಳಿಯತೊಡಗಿದರು. ತೀರ್ಥೇಶ ಅವರ ನಡುವೆ ನುಗ್ಗಿ ದೊಡ್ಡಬೀರಪ್ಪನ ತೋಳು ಹಿಡಿದುಕೊಂಡ.

"ಸರ್, ಸ್ಟೇಷನ್ನಿಗೆ ಹೋಗೋಣ ಅಂದ್ರಲ್ಲ, ನಾನು ತಯಾರು. ಓಸಿ ಅಂತಲೇ ಬರ್ಕೊಳ್ಳಿ. ಬೀಜ ಅಂತ ಬೇಕಾದ್ರೂ ಬರ್ಕೊಳ್ಳಿ. ಕರ್ಕೊಂಡು ಹೋಗಿ ಸರ್!"

ದೊಡ್ಡಬೀರಪ್ಪ ಮೆಲ್ಲಗೆ ತೋಳು ಬಿಡಿಸಿಕೊಂಡು, ಮೇಘನಾಳ ಕಡೆ ಒಮ್ಮೆ ನೋಡಿ, ಟೋಪಿ ಹಾಕಿಕೊಂಡ.

"ಇದು ಗಂಡ ಹೆಂಡ್ತಿ ವಿಷ್ಯ ರೀ," ಎಂದ ತಗ್ಗಿದ ದನಿಯಲ್ಲಿ. "ಇದ್ರಾಗೆ ನಾವು ತಲೆ ಹಾಕಲ್ಲ."

ಅವನ ಬೂಟಿನ ಸದ್ದು ಮೆಟ್ಟಿಲ ಮೇಲೆ ಬಂದಾಗಿನದಕ್ಕಿಂತ ಜೋರಾಗಿ ಇಳಿದುಹೋಯಿತು.